ಸಂಪಾದಕರ ಉತ್ತರ: ಆಲಿವ್ ಎಣ್ಣೆಗಿಂತ ಮೊದಲು ಹಾಲಿನ ಲೆಕ್ಕ

ಶಿಡ್ಲಘಟ್ಟ ತಾಲ್ಲೂಕಿನ ತಾಯಿಯೊಬ್ಬರು ಕೇಳಿದ್ದಾರೆ: ‘ಮಗಳಿಗೆ ಎರಡು ವರ್ಷ. ದಿನಕ್ಕೆ ಒಂದು ಲೀಟರ್ ಹಾಲು, ಅದೂ ಬಾಟಲಿಯಲ್ಲೇ. ಮುದ್ದೆ, ಅನ್ನ ಕಂಡರೆ ಮುಖ ತಿರುಗಿಸುತ್ತಾಳೆ. ಮೆಡಿಟರೇನಿಯನ್ ಊಟ ಮಕ್ಕಳಿಗೆ ಒಳ್ಳೆಯದಂತೆ, ಆಲಿವ್ ಎಣ್ಣೆ ತರಿಸಬೇಕೆ?’

ಆಲಿವ್ ಎಣ್ಣೆ ಬೇಡಮ್ಮ, ಆ ದುಡ್ಡಿಗೆ ಮೊಟ್ಟೆ ತನ್ನಿ. ಮೆಡಿಟರೇನಿಯನ್ ಊಟವೆಂದರೆ ಆ ಸಮುದ್ರದ ದಂಡೆಯ ಗ್ರೀಸ್, ದಕ್ಷಿಣ ಇಟಲಿಯ ಹಳ್ಳಿಗರು ತಿನ್ನುತ್ತಿದ್ದ ಊಟ: ಸೊಪ್ಪು, ತರಕಾರಿ, ಕಾಳು, ತೌಡು ತೆಗೆಯದ ಧಾನ್ಯ, ಹಣ್ಣು, ಆಗಾಗ ಮೀನು; ಮಾಂಸ, ಸಿಹಿ ಅಪರೂಪಕ್ಕೆ. 1958ರಲ್ಲಿ ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಏಳು ದೇಶಗಳಲ್ಲಿ ಶುರುಮಾಡಿದ ಅಧ್ಯಯನದಿಂದ ಈ ಊಟ ಹೆಸರಾಯಿತು. ಆದರೆ ಅದು ನಡುವಯಸ್ಸಿನ ಗಂಡಸರ ಹೃದಯದ ಅಧ್ಯಯನ. ನಿಮ್ಮ ಮಗಳಿಗೆ ಅದರಿಂದ ಬೇಕಾದದ್ದು ತಟ್ಟೆಯ ಹೊಂದಿಕೆ ಮಾತ್ರ. ರಾಗಿ, ಬಸ್ಸಾರು, ಅವರೆಕಾಳು, ಕಡಲೆಕಾಯಿ ಎಣ್ಣೆಯಲ್ಲೇ ಅದು ಕೂಡಿಬರುತ್ತದೆ.

ಮೊದಲು ಹಾಲು. ಒಂದು ಲೀಟರ್ ಹಸುವಿನ ಹಾಲೆಂದರೆ 600 ಕ್ಯಾಲೊರಿಗೂ ಮೇಲೆ. ಈ ವಯಸ್ಸಿಗೆ ಇಡೀ ದಿನಕ್ಕೆ ಬೇಕಾದದ್ದೇ ಸುಮಾರು 1,000. ಅವಳಿಗೆ ಹಸಿವೇ ಆಗುತ್ತಿಲ್ಲ, ಹಟ ಎಂದು ಬೈಯಬೇಡಿ. ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ, ಮೇಲಾಗಿ ಅದರ ಕ್ಯಾಲ್ಸಿಯಂ ಬೇರೆ ಆಹಾರದ ಕಬ್ಬಿಣವನ್ನೂ ಮೈಗೆ ಸರಿಯಾಗಿ ಹತ್ತಗೊಡುವುದಿಲ್ಲ. ಮನೆಯಲ್ಲೇ ಹಸು ಕಟ್ಟಿದವರ ಮಕ್ಕಳಿಗೂ ರಕ್ತಹೀನತೆ ಬರುವುದು ಹೀಗೆ. ಎರಡು ದಿನಕ್ಕೊಮ್ಮೆ 100 ಮಿ.ಲೀ. ಇಳಿಸುತ್ತಾ 400ಕ್ಕೆ ತನ್ನಿ. ಊಟಕ್ಕೆ ಮುಂಚಿನ ಬಾಟಲಿ ಮೊದಲು ನಿಲ್ಲಲಿ, ಆಮೇಲೆ ರಾತ್ರಿಯದು. ಹಲ್ಲು ಹುಳುಕಾಗುವುದೂ ಆ ಬಾಟಲಿಯಿಂದಲೇ. ಉಳಿದದ್ದು ಬೆಳಿಗ್ಗೆ ಒಂದು ಸಣ್ಣ ಲೋಟ, ಸಂಜೆ ಒಂದು. ಕೆಲವು ದಿನ ಅಳುತ್ತಾಳೆ. ಆಗ ಬಿಸ್ಕತ್ತು ಕೊಟ್ಟರೆ ಹಾಲು ಬಿಟ್ಟ ಜಾಗಕ್ಕೆ ಬಿಸ್ಕತ್ತು ಬರುತ್ತದೆ, ಅಷ್ಟೇ.

ಬಸ್ಸಾರು ಮಾಡಿದ ದಿನ ಎಷ್ಟೋ ಮನೆಗಳಲ್ಲಿ ಮಗುವಿನ ಮುದ್ದೆಗೆ ತಿಳಿಸಾರು ಮಾತ್ರ ಬೀಳುತ್ತದೆ, ಸೊಪ್ಪು–ಕಾಳಿನ ಪಲ್ಯ ದೊಡ್ಡವರ ತಟ್ಟೆಗೆ ಹೋಗುತ್ತದೆ. ಮಗುವಿಗೆ ಬೇಕಾದದ್ದೇ ಆ ಪಲ್ಯ. ಕಾಳು ಬಸಿದ ಮೇಲೆ, ಒಗ್ಗರಣೆಗೆ ಮುಂಚೆ ಎರಡು ಚಮಚ ಎತ್ತಿಟ್ಟುಕೊಂಡು ಬೆರಳಲ್ಲಿ ನುಣ್ಣಗೆ ಹಿಸುಕಿ, ಸಿಪ್ಪೆ ಉಳಿದರೆ ತೆಗೆಯಿರಿ. ಅದಕ್ಕೆ ಸಣ್ಣ ನಿಂಬೆಹಣ್ಣಿನ ಗಾತ್ರದ ಮುದ್ದೆ, ಒಂದು ಟೀ ಚಮಚ ಕಡಲೆಕಾಯಿ ಎಣ್ಣೆ ಅಥವಾ ತುಪ್ಪ, ನಾಲ್ಕು ತೊಟ್ಟು ನಿಂಬೆರಸ. ನಿಂಬೆಯ ಸಿ ಜೀವಸತ್ವ ಸೇರಿದರೆ ಸೊಪ್ಪು–ಕಾಳಿನ ಕಬ್ಬಿಣ ಮೈಗೆ ಹತ್ತುತ್ತದೆ. ಎಣ್ಣೆ, ತುಪ್ಪಕ್ಕೆ ಹೆದರಬೇಡಿ. ಪುಟ್ಟ ಹೊಟ್ಟೆಗೆ ಕಡಿಮೆ ತುತ್ತಿನಲ್ಲೇ ಶಕ್ತಿ ಸಿಗಬೇಕು. ಅವರೆಕಾಲದಲ್ಲಿ ಹಿತಕಿದ ಬೇಳೆಯಾದರೆ ಇನ್ನೂ ಸಲೀಸು.

ಕಡಲೆಬೀಜ ಐದು ವರ್ಷದವರೆಗೆ ಇಡಿಯಾಗಿ ಬೇಡವೇ ಬೇಡ, ಹುರಿದು ಪುಡಿಮಾಡಿ ಒಂದು ಚಮಚ ಉದುರಿಸಿ. ನಿಮ್ಮ ಕಡೆಯ ದ್ರಾಕ್ಷಿಯನ್ನೂ ಉದ್ದಕ್ಕೆ ನಾಲ್ಕು ಸೀಳಿ, ಬೀಜ ತೆಗೆದೇ ಕೊಡಿ. ಇಡೀ ಹಣ್ಣು ಮಗುವಿನ ಶ್ವಾಸನಾಳಕ್ಕೆ ಬಿರಡೆಯಂತೆ ಕೂರುತ್ತದೆ.

ಏನು, ಯಾವಾಗ ಎನ್ನುವುದು ನಿಮ್ಮ ಕೈಯಲ್ಲಿ, ಎಷ್ಟು ಎನ್ನುವುದನ್ನು ಅವಳಿಗೆ ಬಿಡಿ. ಮೂರು ಊಟ, ನಡುವೆ ಎರಡು ತಿಂಡಿ, ಮೊಬೈಲ್ ಇಲ್ಲದೆ. ಅರ್ಧ ಗಂಟೆಯಾದರೂ ತಿನ್ನದಿದ್ದರೆ ಗದರದೆ ತಟ್ಟೆ ಎತ್ತಿ. ಹೊಸದನ್ನು ಉಗಿದರೆ ಮತ್ತೊಂದು ದಿನ ಒಂದೇ ಚಮಚ ಇಡಿ. ಹತ್ತು, ಹದಿನೈದು ಸಲ ಇಟ್ಟ ಮೇಲೆ ಒಪ್ಪುವ ಮಕ್ಕಳೂ ಇದ್ದಾರೆ.

ಇಷ್ಟು ಹಾಲು ಕುಡಿಯುವ ಮಗುವಾದ್ದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಮ್ಮೆ ಹಿಮೋಗ್ಲೋಬಿನ್ ನೋಡಿಸಿ. ಕೆಳರೆಪ್ಪೆಯ ಒಳಗೆ ಬಿಳಿಚಿಕೊಂಡಿದ್ದರೆ, ಮಣ್ಣು ತಿನ್ನುತ್ತಿದ್ದರೆ ತಡಮಾಡಬೇಡಿ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣಾಂಶದ ಸಿರಪ್ ವಾರಕ್ಕೆ ಎರಡು ಸಲ, ಸಲಕ್ಕೆ 1 ಮಿ.ಲೀ. ಕೊಡಿ. ಆದರೆ ಅದನ್ನು ಹಾಲಿನ ಜೊತೆ ಕೊಡಬೇಡಿ.