ದತ್ತು ಮಗಳೊಂದಿಗೆ ಛದ್ಮವೇಷ ಕೂಟಕ್ಕೆ: ಹೋಗಬಹುದೇ, ಯಾವ ವೇಷ ಹಾಕಬೇಕು?

ನೀವು ದತ್ತು ಪಡೆದ ನಾಲ್ಕು ವರ್ಷದ ಮಗಳು ಮನೆಗೆ ಬಂದು ಕೆಲವೇ ತಿಂಗಳಾಗಿದೆ, ಪರಿಚಿತರ ಛದ್ಮವೇಷ ಕೂಟಕ್ಕೆ ಮನೆಮಂದಿಗೆಲ್ಲ ಕರೆ ಬಂದಿದೆ, ಹೋಗಬಹುದೇ, ಹೋದರೆ ಮೂವರೂ ಒಂದಕ್ಕೊಂದು ಹೊಂದುವ ವೇಷ ಹಾಕಬೇಕೇ ಎಂದು ಕೇಳಿದ್ದೀರಿ. ಇಬ್ಬರು ದತ್ತು ಮಕ್ಕಳ ತಾಯಿಯಾಗಿ ಹೇಳುವುದಾದರೆ, ಧಾರಾಳವಾಗಿ ಹೋಗಿ. ಅವಳ ವೇಷದ ಬಗ್ಗೆ ತಲೆ ಕೆಡಿಸಿಕೊಳ್ಳುವುದಕ್ಕಿಂತ ನಿಮ್ಮಿಬ್ಬರ ವೇಷದ ಬಗ್ಗೆ ಹೆಚ್ಚು ಯೋಚಿಸಿ.

ಇದಕ್ಕೆ ಕಾರಣವಿದೆ. ಮನೋವಿಜ್ಞಾನಿ ರೀಟಾ ಡಿವ್ರೀಸ್ 1969ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, 3ರಿಂದ 6 ವರ್ಷದ ಮಕ್ಕಳಿಗೆ ಮೇನಾರ್ಡ್ ಎಂಬ ಸಾಧು ಬೆಕ್ಕನ್ನು ಪರಿಚಯಿಸಿ, ಬಳಿಕ ಅದರ ಬಾಲ ಕಾಣುವಂತೆಯೇ ಇಟ್ಟು, ಮುಂಭಾಗವನ್ನು ಮಾತ್ರ ಮರೆಮಾಡಿ, ಅದಕ್ಕೆ ನಾಯಿಯ ಮುಖವಾಡ ತೊಡಿಸಲಾಗಿತ್ತು. ತೀರ ಚಿಕ್ಕ ಮಕ್ಕಳಲ್ಲಿ ಅನೇಕರು ಬೆಕ್ಕು ನಿಜವಾಗಿಯೂ ನಾಯಿಯಾಗಿಬಿಟ್ಟಿದೆ ಎಂದೇ ನಂಬಿದರು. ಅವರಲ್ಲಿ ದೊಡ್ಡ ಮಕ್ಕಳಿಗೆ ಅದು ಬರೀ ಮುಖವಾಡವೆಂದು ಗೊತ್ತಿತ್ತು. ನಿಮ್ಮ ಮಗಳು ಈ ಎರಡು ಗುಂಪುಗಳ ನಡುವಿನ ವಯಸ್ಸಿನಲ್ಲಿದ್ದಾಳೆ. ಅದಕ್ಕಿಂತ ಮುಖ್ಯವಾಗಿ, ತನ್ನನ್ನು ನೋಡಿಕೊಳ್ಳುವವರು ಬದಲಾಗುವುದನ್ನು ಈಗಾಗಲೇ ಒಮ್ಮೆಯಾದರೂ ಕಂಡ ಮಗು ಅವಳು. ಹೊಸ ಜಾಗದಲ್ಲಿ ಹೆದರಬೇಕೇ, ನಗಬೇಕೇ ಎಂಬುದನ್ನು ಅವಳು ನಿಮ್ಮ ಮುಖ ನೋಡಿಯೇ ತೀರ್ಮಾನಿಸುತ್ತಾಳೆ. ಆದ್ದರಿಂದ ನಿಮ್ಮಿಬ್ಬರಲ್ಲಿ ಯಾರೂ ಮುಖವಾಡ ಹಾಕದಿರುವುದು, ಮುಖಪೂರ್ತಿ ಬಣ್ಣ ಬಳಿದುಕೊಳ್ಳದಿರುವುದು ಒಳ್ಳೆಯದು.

ಏನೇ ವೇಷವಾದರೂ ಅವಳ ಕಣ್ಣೆದುರಿಗೇ ಹಾಕಿಕೊಂಡು, ಅವಳ ಕಣ್ಣೆದುರಿಗೇ ಕಳಚಿ. ನನ್ನ ಮಗ ಚಿಕ್ಕವನಿದ್ದಾಗ, ಅವನ ಅಪ್ಪ ಕನ್ನಡಿಯ ಮುಂದೆ ಕುಳಿತು ಗಡ್ಡ ಅಂಟಿಸಿಕೊಳ್ಳುತ್ತಿದ್ದರೆ ಅಂಟಿನ ಡಬ್ಬಿ ಹಿಡಿದುಕೊಳ್ಳುವ ಕೆಲಸ ಅವನದೇ ಆಗಿತ್ತು. ಗಡ್ಡದ ಅಂಚು ಕೆನ್ನೆಯಿಂದ ಸ್ವಲ್ಪ ಎದ್ದಿತ್ತು. ಅವನು ಅದರ ಕೆಳಗೆ ಬೆರಳು ತೂರಿಸಿ, ಒಳಗಿನ ಕೆನ್ನೆಯನ್ನು ಮುಟ್ಟಿ ನೋಡಿ, ಆಮೇಲೆಯೇ ಅಪ್ಪನ ತೊಡೆಯೇರಿ ಕುಳಿತ. ಕೂಟದಲ್ಲಿಯೂ ಆಗಾಗ ಬಂದು ಹಾಗೆಯೇ ಬೆರಳು ತೂರಿಸಿ ಹೋಗುತ್ತಿದ್ದ, ಮನೆಗೆ ಮರಳುವ ವೇಳೆಗೆ ಅರ್ಧ ಗಡ್ಡ ಕಿತ್ತುಹೋಗಿತ್ತು.

ಇನ್ನು ಹೊಂದುವ ವೇಷದ ವಿಚಾರ. ತಾಯಿ ಪ್ರಾಣಿ ಮತ್ತು ಮರಿಯಂತಹ, ರೂಪದ ಹೋಲಿಕೆಯನ್ನೇ ನೆಚ್ಚಿಕೊಂಡ ಜೋಡಿಗಳಿಗಿಂತ, ಒಂದೊಂದೂ ಬೇರೆಯಾಗಿದ್ದು ಒಟ್ಟಿಗೆ ಅರ್ಥ ಕೊಡುವಂತಹವು ನನಗೆ ಇಷ್ಟ: ಒಬ್ಬರು ಮೋಡ, ಒಬ್ಬರು ಮಳೆ, ಮಗು ಕೊಡೆ. ಯಾವುದು ತನ್ನದೆಂದು ಅವಳೇ ಆರಿಸಲಿ. ಕಾಗೆ ಮತ್ತು ಕೋಗಿಲೆ ಮರಿಯ ವೇಷ ಹಾಕಿ ಎಂದು ನಮ್ಮ ಬಂಧುವೊಬ್ಬರು ಪ್ರೀತಿಯಿಂದಲೇ ಸಲಹೆ ಕೊಟ್ಟಿದ್ದರು. ಪ್ರೀತಿಯಿಂದ ಕೊಟ್ಟ ಸಲಹೆಯನ್ನೂ ನಿರಾಕರಿಸಬಹುದು. ಮಗುವಿನ ಹಿನ್ನೆಲೆ ಅವಳ ಸ್ವಂತ ವಿಷಯ, ನೆರೆದವರ ಮುಂದೆ ವೇಷವಾಗಿ ಪ್ರದರ್ಶಿಸುವಂಥದ್ದಲ್ಲ.

ಇಡೀ ಕುಟುಂಬ ಒಟ್ಟಿಗೆ ನಿಂತಾಗ "ಇವಳು ಯಾರ ಹಾಗೆ ಇದ್ದಾಳೆ?" ಎಂದು ಕೇಳುವವರು ಇದ್ದೇ ಇರುತ್ತಾರೆ. "ಇವತ್ತು ಕೊಡೆಯ ಹಾಗೆ ಇದ್ದಾಳೆ" ಎಂದರೆ ಸಾಕು. ಹೆತ್ತವರ ಬಗ್ಗೆ ಕೆದಕಿದರೆ, ಅದನ್ನು ಅವಳೇ ದೊಡ್ಡವಳಾದ ಮೇಲೆ ಹೇಳಬೇಕೆನಿಸಿದರೆ ಹೇಳುತ್ತಾಳೆ ಎಂದು ನಗುತ್ತಲೇ ಉತ್ತರಿಸಿ. ಆ ಮಾತು ಕೇಳಿದವರಿಗಿಂತ ಹೆಚ್ಚಾಗಿ ಪಕ್ಕದಲ್ಲಿ ನಿಂತ ಅವಳ ಕಿವಿಗೆ ಬೀಳುತ್ತದೆ.

ವೇಷದೊಳಗೆ ದಿನನಿತ್ಯದ ಬಟ್ಟೆಯಿರಲಿ, ಬೇಡವೆನಿಸಿದರೆ ಅಲ್ಲೇ ತೆಗೆದುಹಾಕಬಹುದು. ಕೈಯನ್ನು ಎರಡು ಸಲ ಒತ್ತಿದರೆ ಹೊರಡೋಣ ಎಂಬಂತಹ ಸಂಜ್ಞೆಯೊಂದನ್ನು ಮೊದಲೇ ಒಪ್ಪಿಕೊಂಡು, ಅವಳು ಒತ್ತಿದಾಗ ಕಾರಣ ಕೇಳದೆ ಹೊರಡಿ. ದತ್ತು ಪ್ರಕ್ರಿಯೆಯ ಕಾನೂನು ಹಂತ ಇನ್ನೂ ಮುಗಿದಿಲ್ಲವಾದರೆ, ಅವಳ ಫೋಟೋಗಳನ್ನು ಎಲ್ಲಿಯೂ ಹಾಕಬೇಡಿರೆಂದು ಕೂಟ ನಡೆಸುವವರಿಗೆ ಹಿಂದಿನ ದಿನವೇ ತಿಳಿಸಿಬಿಡಿ.