ಗಡಿಯ ಈಚೆಗೆ ಅಂಗಡಿ ತೆರೆಯುವವರಿಗೆ, ಸಂಘ ಕಟ್ಟುವವರಿಗೆ

ಕಾಸರಗೋಡು ಜಿಲ್ಲೆಯ ಮಂಜೇಶ್ವರದಲ್ಲಿ ಸಣ್ಣ ವ್ಯಾಪಾರವೊಂದನ್ನು ಆರಂಭಿಸಿ, ಜೊತೆಗೆ ಇಲ್ಲಿನ ಮಕ್ಕಳಿಗಾಗಿ ಕನ್ನಡ ಗ್ರಂಥಾಲಯ ನಡೆಸುವ ಸಂಘವನ್ನೂ ಕಟ್ಟಲು ಏನೇನು ಬೇಕು ಎಂದು ಕೇಳಿದ್ದೀರಿ. ನಮ್ಮ ಮನೆಮಾತು ಕನ್ನಡವೋ ತುಳುವೋ ಆಗಿರಬಹುದು, ವ್ಯಾಪಾರಕ್ಕೂ ಚಿಕಿತ್ಸೆಗೂ ನಾವು ಮಂಗಳೂರಿಗೇ ಹೋಗುತ್ತಿರಬಹುದು. ಆದರೆ 1956ರ ನವೆಂಬರ್ 1ರಿಂದ ನಮ್ಮ ಕಾಗದಪತ್ರಗಳು ಕೇರಳದವು. ಅಂಗಡಿಯಾಗಲಿ ಸಂಘವಾಗಲಿ, ಅದರ ಕಚೇರಿ ಯಾವ ರಾಜ್ಯದ ನೆಲದಲ್ಲಿದೆ ಎಂಬುದರ ಮೇಲೆಯೇ ಹೆಚ್ಚಿನ ನಿಯಮಗಳು ನಿಂತಿವೆ. ಕರ್ನಾಟಕದಿಂದ ಬರುವವರು ಎಡವುವುದು ಬಹುತೇಕ ಇಲ್ಲಿಯೇ.

ವ್ಯಾಪಾರದಲ್ಲಿ ಇದು ಮೊದಲು ಎದುರಾಗುವುದು ಜಿಎಸ್‌ಟಿಯಲ್ಲಿ. ಸರಕನ್ನು ರಾಜ್ಯದೊಳಗೆ ಮಾತ್ರ ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. ಆದರೆ ಹೊಸಂಗಡಿಯ ವ್ಯಾಪಾರಿಯೊಬ್ಬರು ತೆರಿಗೆ ಇರುವ ಸರಕನ್ನು ತಲಪಾಡಿಯ ಗಡಿ ದಾಟಿಸಿ ಮಂಗಳೂರಿನ ಅಂಗಡಿಗೆ ಮಾರಿದರೆ, ದೂರ ಎಷ್ಟೇ ಕಡಿಮೆಯಿದ್ದರೂ ಅದು ಅಂತರರಾಜ್ಯ ವ್ಯಾಪಾರವೇ; ಕರಕುಶಲ ವಸ್ತುಗಳಂತಹ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ವಹಿವಾಟು ಚಿಕ್ಕದೆಂಬ ಕಾರಣಕ್ಕೆ ನೋಂದಣಿ ತಪ್ಪುವುದಿಲ್ಲ. ತೆರಿಗೆಯ ಲೆಕ್ಕ ಸುಲಭವಾಗಲೆಂದು ಕಾಂಪೊಸಿಷನ್ ಯೋಜನೆಯನ್ನು (ಒಟ್ಟು ವಹಿವಾಟಿನ ಮೇಲೆ ಸಣ್ಣದೊಂದು ನಿಗದಿತ ಪ್ರಮಾಣದಲ್ಲಿ ತೆರಿಗೆ ಕಟ್ಟುವ ವ್ಯವಸ್ಥೆ) ಆಯ್ದುಕೊಂಡವರು ಹೀಗೆ ಗಡಿಯಾಚೆಗೆ ಸರಕು ಮಾರುವಂತೆಯೇ ಇಲ್ಲ. ನಿಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ದಕ್ಷಿಣ ಕನ್ನಡದ ಅಂಗಡಿಯವರಾಗಿದ್ದರೆ ಆ ಯೋಜನೆ ನಿಮಗೆ ಹೊಂದುವುದಿಲ್ಲವೆಂದೇ ನನ್ನ ಅಭಿಪ್ರಾಯ. ಒಂದು ಸಾಗಣೆಯ ಬೆಲೆ 50,000 ರೂಪಾಯಿ ಮೀರಿದರೆ ಇ-ವೇ ಬಿಲ್, ಅಂದರೆ ಸರಕಿನ ಸಾಗಣೆಗೆ ಆನ್‌ಲೈನಿನಲ್ಲಿ ಪಡೆಯುವ ಪತ್ರ, ಕೂಡ ಬೇಕು. ತನ್ನ ತೋಟದ ಅಡಿಕೆಯನ್ನು ತಾನೇ ಮಾರುವ ಕೃಷಿಕನಿಗೆ ನೋಂದಣಿಯ ಹೊರೆ ಇಲ್ಲ. ಅದೇ ಅಡಿಕೆಯನ್ನು ಊರವರಿಂದ ಕೊಂಡು ಮಂಗಳೂರಿಗೆ ಮಾರುವವನಿಗೆ ಇದೆ. ಒಂದೇ ಮನೆಯವರು ಎರಡನ್ನೂ ಮಾಡುವುದು ನಮ್ಮಲ್ಲಿ ಸಾಮಾನ್ಯವಾದ್ದರಿಂದ, ಎರಡರ ಲೆಕ್ಕವನ್ನು ಬೇರೆಬೇರೆಯಾಗಿ ಇಡಬೇಕು.

ಅಂಗಡಿಯ ಪರವಾನಗಿ ಪಂಚಾಯತಿನದು. ವೃತ್ತಿ ತೆರಿಗೆಯನ್ನು ಕರ್ನಾಟಕದಲ್ಲಿ ರಾಜ್ಯದ ತೆರಿಗೆ ಇಲಾಖೆ ವಸೂಲು ಮಾಡಿದರೆ, ಇಲ್ಲಿ ಪಂಚಾಯತು ಅಥವಾ ನಗರಸಭೆ ಆರು ತಿಂಗಳಿಗೊಮ್ಮೆ ವಸೂಲು ಮಾಡುತ್ತದೆ.

ಸಂಘದ ನೋಂದಣಿಯನ್ನು ಇನ್ನೂ ಎಚ್ಚರದಿಂದ ಮಾಡಬೇಕು. ಕರ್ನಾಟಕದ ಸಂಘಗಳು 1960ರ ಆ ರಾಜ್ಯದ ಕಾಯ್ದೆಯಡಿ ಸಹಕಾರ ಇಲಾಖೆಯಲ್ಲಿ ನೋಂದಣಿಯಾಗುತ್ತವೆ. ಹಳೆಯ ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಸರಗೋಡಿನಲ್ಲಿ ಇಂದಿಗೂ ನಡೆಯುವುದು 1860ರ ಸಂಘಗಳ ನೋಂದಣಿ ಕಾಯ್ದೆ, ನೋಂದಣಿ ಮಾಡುವವರು ಜಿಲ್ಲಾ ರಿಜಿಸ್ಟ್ರಾರರು. ಕೇರಳದ ದಕ್ಷಿಣ ಭಾಗಕ್ಕೆ 1955ರ ತಿರುವಾಂಕೂರು-ಕೊಚ್ಚಿ ಕಾಯ್ದೆ ಇರುವುದರಿಂದ, ಬೆಂಗಳೂರಿನ ಸಂಘವೊಂದರ ಬೈಲಾದಂತೆಯೇ (ಬೈಲಾ ಎಂದರೆ ಸಂಘದ ನಿಯಮಾವಳಿ) ತಿರುವನಂತಪುರದ ಗೆಳೆಯರು ಕಳುಹಿಸಿದ ಬೈಲಾವನ್ನೂ ಹಾಗೆಯೇ ನಕಲು ಮಾಡಬಾರದು. ಕನಿಷ್ಠ ಏಳು ಮಂದಿ ಸದಸ್ಯರು ಬೇಕು. ಉಳಿದ ಹಣವನ್ನಾಗಲಿ ಆಸ್ತಿಯನ್ನಾಗಲಿ ಸಂಘ ಮುಚ್ಚುವಾಗ ಸದಸ್ಯರು ಹಂಚಿಕೊಳ್ಳುವಂತಿಲ್ಲ. ಪ್ರತಿ ವರ್ಷ ಮಹಾಸಭೆಯಾಗಿ 14 ದಿನಗಳೊಳಗೆ ಆಡಳಿತ ಸಮಿತಿಯ ಪಟ್ಟಿಯನ್ನು ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಪದಾಧಿಕಾರಿಗಳು ಬದಲಾದಾಗ ಈ ಪಟ್ಟಿ ಇಲ್ಲದಿದ್ದರೆ ಬ್ಯಾಂಕು ಖಾತೆಯ ಸಹಿಯನ್ನು ಬದಲಿಸುವುದೂ ಕಷ್ಟವಾಗುತ್ತದೆ.

ಇದನ್ನೆಲ್ಲ ಮಲಯಾಳದಲ್ಲಿಯೇ ಬರೆಯಬೇಕೆಂದು ಯಾರಾದರೂ ಹೇಳಿದರೆ ಹಿಂಜರಿಯಬೇಡಿ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯು ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಕನ್ನಡಿಗರಿಗೆ ಸರಕಾರದ ಸ್ಥಳೀಯ ಕಚೇರಿಗಳೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಹಕ್ಕನ್ನು ಕೊಟ್ಟಿದೆ. ಈ ಹಕ್ಕನ್ನು ಬಳಸುತ್ತಲೇ ಇರಬೇಕು ಎಂದು ನಾನು ಬಲವಾಗಿ ನಂಬುತ್ತೇನೆ. ಬೈಲಾದ ಇಂಗ್ಲಿಷ್ ಪ್ರತಿಯೊಂದನ್ನು ಬ್ಯಾಂಕಿಗೂ ಆದಾಯ ತೆರಿಗೆ ಇಲಾಖೆಗೂ ಬೇಕಾಗುತ್ತದೆಂದು ಮೊದಲೇ ಸಿದ್ಧಪಡಿಸಿಕೊಳ್ಳಿ.

ಕೊನೆಯದಾಗಿ ದೇಣಿಗೆ. ಇಲ್ಲಿನ ಭಜನಾ ಮಂದಿರ, ಯಕ್ಷಗಾನ ಕಲಾಸಂಘ, ಗ್ರಂಥಾಲಯಗಳ ಬೆನ್ನಿಗೆ ಗಲ್ಫಿನಲ್ಲಿ ದುಡಿಯುವ ನಮ್ಮ ಹುಡುಗರಿದ್ದಾರೆ. ನಿಮ್ಮ ಸಂಘಕ್ಕೂ ಅವರು ಖಂಡಿತ ಕೈಜೋಡಿಸುತ್ತಾರೆ. ಭಾರತದ ಪೌರರಾಗಿಯೇ ಇದ್ದು, ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆಯಲ್ಲ, ಧಾರಾಳವಾಗಿ ಸ್ವೀಕರಿಸಬಹುದು. ಆದರೆ ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ, ಅಥವಾ ಅಲ್ಲಿ ನೋಂದಣಿಯಾದ ಸಂಘಟನೆಯೊಂದು ತನ್ನ ಖಾತೆಯಿಂದ ಕಳುಹಿಸಿದರೆ, ಕೊಡುವವರು ನಮ್ಮ ಊರಿನವರೇ ಆಗಿದ್ದರೂ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ಕೇಂದ್ರ ಗೃಹ ಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿ ಬೇಕು, ಹಣವೂ ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ನಿಗದಿತ ಖಾತೆಗೇ ಬರಬೇಕು. ಆದ್ದರಿಂದ ಗಲ್ಫಿನ ಗೆಳೆಯರಿಗೆ, ಹಲವರ ಹಣವನ್ನು ಒಟ್ಟುಮಾಡಿ ಅಲ್ಲಿನ ಸಂಘದ ಹೆಸರಿನಲ್ಲಿ ಕಳುಹಿಸದೆ ಪ್ರತಿಯೊಬ್ಬರೂ ತಮ್ಮ ತಮ್ಮ ಖಾತೆಯಿಂದಲೇ ಕಳುಹಿಸುವಂತೆ ತಿಳಿಸಿ. ಪಾಸ್‌ಪೋರ್ಟಿನ ಪ್ರತಿಯನ್ನು ಕೇಳಿ ಪಡೆದು, ಪ್ರತಿಯೊಬ್ಬರ ಹೆಸರಿಗೂ ಬೇರೆ ರಸೀದಿ ಬರೆಯಿರಿ.