ತಾರಸಿಯ ಗಾಳಿಯಂತ್ರ ಗುಡ್ಡದ ಗಾಳಿಯಂತ್ರಕ್ಕೆ ಸಾಟಿಯೇ?

ಪ್ರಶ್ನೆ: ಗದಗ ಸುತ್ತಲಿನ ಗುಡ್ಡಗಳಲ್ಲಿ ದೊಡ್ಡ ಗಾಳಿಯಂತ್ರಗಳು ಚೆನ್ನಾಗಿ ತಿರುಗುತ್ತವೆ. ನಮ್ಮ ತಾರಸಿಗೆ 1 ಕಿಲೋವ್ಯಾಟ್‌ನದೊಂದು ಹಾಕಿಸಬಹುದೇ? ಬ್ಯಾಟರಿ ತುಂಬಿದರೆ ತಂತಿ ಬಿಚ್ಚಿದರಾಯಿತಲ್ಲವೇ?

ಉತ್ತರ: ಮೊದಲು ಎರಡನೆಯದು: ಬಿಚ್ಚಲೇಬೇಡಿ. ಲೋಡ್ (ಕರೆಂಟ್ ಬಳಸುವ ಸಾಧನ) ತಪ್ಪಿದ ರೋಟರ್‌ಗೆ, ಅಂದರೆ ರೆಕ್ಕೆಗಳ ಚಕ್ರಕ್ಕೆ, ತಡೆಯೇ ಇರುವುದಿಲ್ಲ. ವೇಗ, ವೋಲ್ಟೇಜ್ ಎರಡೂ ಏರಿ ಬ್ಯಾಟರಿ ಚಾರ್ಜಿಂಗ್ ನಿಯಂತ್ರಿಸುವ ಕಂಟ್ರೋಲರ್ ಸುಡಬಹುದು, ರೆಕ್ಕೆಯೂ ಮುರಿಯಬಹುದು. ಹೆಚ್ಚುವರಿ ಕರೆಂಟನ್ನು ಹೀಟರ್ ಕಾಯಿಲ್‌ನಂಥ ಡಂಪ್ ಲೋಡ್‌ಗೆ ತಿರುಗಿಸಬೇಕು. ರಿಪೇರಿಗೆ ನಿಲ್ಲಿಸಲು, ಗಾಳಿ ಕಡಿಮೆಯಿದ್ದಾಗ, ಜನರೇಟರ್‌ನ ಮೂರು ಫೇಸ್ ತಂತಿಗಳನ್ನು ಬ್ರೇಕ್ ಸ್ವಿಚ್‌ನಿಂದ ಶಾರ್ಟ್ ಮಾಡಿ, ಅಂದರೆ ಒಂದಕ್ಕೊಂದು ಕೂಡಿಸಿ.

ಇನ್ನು ಸಾಮರ್ಥ್ಯ. 2 ಮೀಟರ್ ವ್ಯಾಸದ ರೋಟರ್ 1 ಕಿಲೋವ್ಯಾಟ್ ಕೊಡುವುದು ಸೆಕೆಂಡಿಗೆ ಸುಮಾರು 12 ಮೀಟರ್ ಗಾಳಿಯಲ್ಲಿ. ಶಕ್ತಿ ವೇಗದ ಘನಕ್ಕೆ ಅನುಗುಣ, ಹಾಗಾಗಿ 4 ಮೀಟರ್ ಗಾಳಿಯಲ್ಲಿ ಸಿಗುವುದು ಸುಮಾರು 37 ವ್ಯಾಟ್. ದಿನವಿಡೀ ಬೀಸಿದರೂ ಒಂದು ಯೂನಿಟ್ ದಾಟದು. ಮಾರುವವರು ಈ ಲೆಕ್ಕ ಹೇಳುವುದು ಅಪರೂಪ! ಗುಡ್ಡದ 2 ಮೆಗಾವ್ಯಾಟ್ ಯಂತ್ರದ ರೋಟರ್ 110 ಮೀಟರ್ ವ್ಯಾಸದ್ದಾದರೆ ಅದರ ರೆಕ್ಕೆಗಳು ಸುತ್ತುವ ವಿಸ್ತೀರ್ಣ ನಿಮ್ಮದರ 3,025 ಪಟ್ಟು. ಜೊತೆಗೆ ಆ ಯಂತ್ರದ ಎತ್ತರದಲ್ಲಿ ಗಾಳಿ ಜೋರು, ನೆಟ್ಟಗೆ.

ತಾರಸಿಯ ಗಾಳಿ ಸುಳಿಗಾಳಿ. ರೋಟರ್ ದಿಕ್ಕು ಹುಡುಕುತ್ತಲೇ ಇರುತ್ತದೆ, ಬೇರಿಂಗ್ ಸವೆಯುತ್ತದೆ, ಕಂಪನ ಗೋಡೆಗಿಳಿಯುತ್ತದೆ. ಹಾಕಲೇಬೇಕೆಂದರೆ ಹೊಲದಲ್ಲಿ ಎಳೆತಂತಿ ಬಿಗಿದ ಕಂಬ ನಿಲ್ಲಿಸಿ. ಸುತ್ತ 150 ಮೀಟರ್ ಒಳಗಿನ ಮರ, ಮನೆಗಳಿಗಿಂತ ರೋಟರ್ 9 ಮೀಟರ್ ಮೇಲಿರಲಿ. ಅದೂ ಮುಖ್ಯವಾಗಿ ಜೂನ್–ಸೆಪ್ಟೆಂಬರ್ ಗಾಳಿಗೆ. ನಾವಾದರೆ ಮೊದಲು 1 ಕಿಲೋವ್ಯಾಟ್ ಸೋಲಾರ್ ಹಾಕಿಸುತ್ತೇವೆ. ದಿನಕ್ಕೆ ಸರಾಸರಿ 4 ಯೂನಿಟ್ ಬರುತ್ತದೆ.